ತಂಗಿಯ ಮನೆಗೆ ಬಂದ ನರ್ಸ್

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಚಿಕ್ಕಂದಿನಲ್ಲಿ ತಂಗಿಗೆ ದಡಾರ ಎದ್ದು ಅಮ್ಮ ವಾರವಿಡೀ ಅವಳ ಪಕ್ಕದಲ್ಲೇ ಮಲಗಿದಾಗ, ನನಗೂ ಬರಲಿ ಎಂದು ಅವಳ ಟವೆಲಿನಲ್ಲಿ ಮುಖ ಒರೆಸಿಕೊಂಡವಳು ನಾನು. ಬರಲಿಲ್ಲ. ಅದಕ್ಕೂ ಅವಳ ಮೇಲೇ ಸಿಟ್ಟು ಮಾಡಿಕೊಂಡಿದ್ದೆ. ಆದರೆ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಸಿಯಾಟಲ್ ಪಕ್ಕದ ಕೆನ್ಮೋರಿನ ಬಾಡಿಗೆ ಮನೆಯಲ್ಲಿ ಮಡಿಲಲ್ಲಿ ತಿಂಗಳ ಕೂಸನ್ನು ಇಟ್ಟುಕೊಂಡು, ಯಾವುದೋ ದೇಶದ ಒಬ್ಬ ನರ್ಸಿನ ದೆಸೆಯಿಂದ ಅದೇ ತಂಗಿಯ ಮೇಲೆ ಪಟ್ಟ ಹೊಟ್ಟೆಕಿಚ್ಚು ಬೇರೆಯೇ ಬಗೆಯದು. ಅದರಲ್ಲಿ ತಮಾಷೆ ಇರಲಿಲ್ಲ. ನನಗೆ ಹುಷಾರಿರಲಿಲ್ಲ, ಅದು ಯಾರಿಗೂ ಗೊತ್ತಿರಲಿಲ್ಲ, ಮತ್ತು ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿದ್ದೆ.

ನಾವಿಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಬಸುರಾದೆವು. ನನ್ನ ದಿನಗಳು ಅವಳಿಗಿಂತ ನಾಲ್ಕು ವಾರ ಮುಂದೆ. ಅವಳು ಗಂಡನ ಕೆಲಸದ ನಿಮಿತ್ತ ನೆದರ್ಲ್ಯಾಂಡ್ಸಿಗೆ ಹೋಗಿ ಮನೆಗೆ ಪರದೆ ಹಾಕಿಸುವಷ್ಟರಲ್ಲಿ ವಾಂತಿ ಶುರುವಾಗಿತ್ತು. ಭಾಷೆ ಬಾರದು, ಪರಿಚಯದವರಿಲ್ಲ. ವಾರಕ್ಕೆ ಮೂರು ಸಲ ಫೋನು ಮಾಡಿ ಅಲ್ಲಿನ ವೈದ್ಯಕೀಯ ವ್ಯವಸ್ಥೆಯನ್ನು ಬೈಯುತ್ತಿದ್ದಳು.

"ಅಕ್ಕಾ, ಇಲ್ಲಿ ಡಾಕ್ಟ್ರನ್ನ ನೋಡೋಕೆ ಇನ್ನೊಬ್ಬ ಡಾಕ್ಟ್ರ ಪರ್ಮಿಷನ್ ಬೇಕು ಕಣೆ. ನಮ್ಮ ಏರಿಯಾದಲ್ಲೇ ಒಬ್ಬ ಡಾಕ್ಟ್ರ ಹತ್ರ ರಿಜಿಸ್ಟರ್ ಆಗ್ಬೇಕಂತೆ. ಮೂರು ಕಡೆ ಹೋದೆ, ಹೊಸಬರನ್ನ ತಗೊಳ್ಳಲ್ಲ ಅಂದ್ರು. ನಾಲ್ಕನೇ ಕಡೆ ತಗೊಂಡ್ರು. ಆ ಪುಣ್ಯಾತ್ಮ ಏನು ಹೇಳಿದ್ರೂ ಪ್ಯಾರಾಸಿಟಮಾಲ್ ಅಂತಾನೆ. ಸೊಂಟ ನೋವು ಅಂದ್ರೂ ಅದೇ, ಜ್ವರ ಅಂದ್ರೂ ಅದೇ."

ಹೆರಿಗೆಗೆ ಡಾಕ್ಟರೇ ಇಲ್ಲವಂತೆ, ಸೂಲಗಿತ್ತಿಯಂತೆ. ಓದಿದ ಸೂಲಗಿತ್ತಿ, ಸೈಕಲ್ಲಿನಲ್ಲಿ ಬರುವವಳು. ತೊಂದರೆ ಏನಾದರೂ ಕಂಡರೆ ಮಾತ್ರ ಆಸ್ಪತ್ರೆಯ ಡಾಕ್ಟರು. ಸ್ಕ್ಯಾನು ಬೇಕು ಅಂದಾಗೆಲ್ಲ ಮಾಡುವುದಿಲ್ಲವಂತೆ. ಇದನ್ನೆಲ್ಲ ಕೇಳಿ ನಾನು "ಪಾಪ" ಎನ್ನುತ್ತಿದ್ದೆ. ಹಾಗೆ ಹೇಳುವಾಗ ನಾಲಿಗೆಗೆ ಸಕ್ಕರೆ ತಾಗಿದಂತಾಗುತ್ತಿತ್ತು. ನಮ್ಮ ಆಸ್ಪತ್ರೆಯ ಹೆರಿಗೆ ಕೋಣೆಯ ಫೋಟೋ ಕಳಿಸಿದೆ. ಗಂಡಂದಿರು ಮಲಗಲು ಸೋಫಾ, ಊಟಕ್ಕೆ ಹೋಟೆಲಿನ ಹಾಗೆ ಮೆನು, ಕಿಟಕಿಯಾಚೆ ಮರಗಳು. ಅವಳು "ಸೂಪರ್ ಅಕ್ಕಾ" ಎಂದು ಬರೆದಳು. ಒಳ್ಳೆಯವಳು. ಅದೇ ನನಗೆ ಆಗುವುದಿಲ್ಲ.

ಬಾಣಂತನಕ್ಕೆ ಅಮ್ಮ ಯಾರ ಮನೆಗೆ ಹೋಗಬೇಕು ಎಂಬ ಪ್ರಶ್ನೆ ಬಂತು. ಇಬ್ಬರಿಗೂ ಆಗುವ ಮಾತಲ್ಲ. ಆಗ ತಂಗಿಯೇ ಒಂದು ವಿಷಯ ಹೇಳಿದಳು. ಅಲ್ಲಿ ಹೆರಿಗೆಯಾದ ಮೇಲೆ ಎಂಟು ದಿನ ಒಬ್ಬ ನರ್ಸು ಮನೆಗೇ ಬರುತ್ತಾಳಂತೆ, ತಾಯಿಯನ್ನೂ ಮಗುವನ್ನೂ ನೋಡಿಕೊಳ್ಳುತ್ತಾಳಂತೆ. ಬಸುರಿಯಾದ ಮೊದಲ ತಿಂಗಳುಗಳಲ್ಲೇ ಅದಕ್ಕೆ ಹೆಸರು ಬರೆಸಬೇಕಿತ್ತು, ಹೊಸಬಳಾದ ಇವಳಿಗೆ ಗೊತ್ತಿರಲಿಲ್ಲ, ಪಕ್ಕದ ಮನೆಯ ಅಜ್ಜಿ ಬೈದು ಬರೆಸಿದಳಂತೆ. ಕಳಿಸುವುದು ಸರ್ಕಾರವೋ ವಿಮೆಯವರೋ ನಮಗೆ ಕೊನೆಗೂ ಸರಿಯಾಗಿ ಅರ್ಥವಾಗಲಿಲ್ಲ. ನಮ್ಮ ಮನೆಯ ಮಾತಿನಲ್ಲಿ ಅವಳು ಸರ್ಕಾರದ ನರ್ಸು ಆದಳು.

"ಹಂಗಾದ್ರೆ ಅವ್ಳಿಗೆ ಒಬ್ಳು ಸಿಕ್ಕಿದ್ಲು ಬಿಡು, ನಾನು ನಿನ್ನ ಹತ್ರಾನೇ ಬರ್ತೀನಿ" ಎಂದಳು ಅಮ್ಮ ಮೈಸೂರಿನಿಂದ. ದಡಾರದ ಕಾಲದಿಂದ ಬಾಕಿಯಿದ್ದ ಆಟವನ್ನು ಗೆದ್ದ ಹಾಗೆ ನನಗೆ ಖುಷಿಯಾಯಿತು.

ಹೆರಿಗೆ ಚೆನ್ನಾಗಿಯೇ ಆಯಿತು. ಇಪ್ಪತ್ತು ಗಂಟೆ ನೋವು, ಕೊನೆಗೆ ಹೆಣ್ಣುಮಗು. ಆಸ್ಪತ್ರೆಯ ಎರಡು ದಿನ ನನ್ನನ್ನು ರಾಣಿಯ ಹಾಗೆ ನೋಡಿಕೊಂಡರು, ಸುಳ್ಳು ಹೇಳಬಾರದು. ಮೂರನೆಯ ದಿನ ಗಾಲಿಕುರ್ಚಿಯಲ್ಲಿ ಕಾರಿನವರೆಗೆ ಬಿಟ್ಟು, ಮಗುವಿನ ಸೀಟು ಸರಿಯಾಗಿದೆಯಾ ಎಂದು ಎರಡು ಸಲ ಎಳೆದು ನೋಡಿ, ಕೈಬೀಸಿದರು. ಕೊಟ್ಟ ಕಾಗದಗಳಲ್ಲಿ ಮಗುವನ್ನು ತೋರಿಸಬೇಕಾದ ದಿನಗಳ ಉದ್ದನೆಯ ಪಟ್ಟಿ ಇತ್ತು. ನನ್ನನ್ನು ತೋರಿಸಬೇಕಾದ ದಿನ ಒಂದೇ, ಆರು ವಾರಗಳ ನಂತರ.

ಮನೆಯಲ್ಲಿ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ತಲೆಗೆ ಬಟ್ಟೆ ಕಟ್ಟಿದಳು, ಕಿವಿಗೆ ಹತ್ತಿ ತುರುಕಿದಳು. ಊರಿಂದ ತಂದ ಅಂಟಿನುಂಡೆ, ಬೆಳ್ಳುಳ್ಳಿ ಚಟ್ನಿ, ದಿನಾ ಮೆಣಸಿನ ಸಾರು. ದಿನ ಬಿಟ್ಟು ದಿನ ಎಣ್ಣೆನೀರು. ಯಾವುದಕ್ಕೂ ಕೊರತೆಯಿರಲಿಲ್ಲ. ಅಮ್ಮನ ಬಾಣಂತನ ಎಂದರೆ ನಮ್ಮ ಬೀದಿಯಲ್ಲಿ ಹೆಸರುವಾಸಿ.

ಆದರೆ ಹತ್ತನೆಯ ದಿನದ ಹೊತ್ತಿಗೆ ನನ್ನೊಳಗೆ ಏನೋ ಕೆಟ್ಟಿತು. ಮಗು ಅತ್ತರೆ ಕೈ ತಣ್ಣಗಾಗುತ್ತಿತ್ತು. ಅದನ್ನು ಎತ್ತಿಕೊಂಡು ಮೆಟ್ಟಿಲಿಳಿಯಲು ಹೆದರಿಕೆ, ಕೈಜಾರಿ ಬಿಡುತ್ತೇನೆ ಎಂಬ ಚಿತ್ರ ಕಣ್ಣ ಮುಂದೆ. ಮುದ್ದಾದ ಮಗುವನ್ನು ನೋಡಿದರೆ ಪರರ ಮಗುವನ್ನು ನೋಡಿದಷ್ಟೇ ಅನ್ನಿಸುತ್ತಿತ್ತು. ಒಂದು ದಿನ ಸೋಫಾದಲ್ಲಿ ಕೂತು ಸಾರನ್ನ ಕಲಸುತ್ತಿರುವಾಗ, ನಾನೊಬ್ಬಳು ಇಲ್ಲದಿದ್ದರೂ ಈ ಮನೆ ಸಲೀಸಾಗಿ ನಡೆಯುತ್ತದೆ, ಬಹುಶಃ ಇನ್ನೂ ಚೆನ್ನಾಗಿ, ಎಂಬ ಯೋಚನೆ ಬಂತು. ಉಪ್ಪು ಕಮ್ಮಿಯಾಗಿದೆ ಎಂಬಷ್ಟು ಸಾಮಾನ್ಯವಾಗಿ ಬಂತು. ಅದೇ ಹೆಚ್ಚು ಹೆದರಿಸಿತು.

ಅಮ್ಮನಿಗೆ ಹೇಳುವ ಹಾಗಿರಲಿಲ್ಲ. ಮನೆಗೆ ಬಂದ ಮೊದಲ ದಿನವೇ ಸುಮ್ಮನೆ ಕಣ್ಣಲ್ಲಿ ನೀರು ಬಂದಾಗ ಅವಳು ಗಾಬರಿಯಿಂದ ಸೆರಗಿನಲ್ಲಿ ಒರೆಸಿದ್ದಳು. "ಬಾಣಂತಿ ಅಳ್ಬಾರ್ದು ಕಣೇ. ಕಣ್ಣು ಹಾಳಾಗುತ್ತೆ, ಹಾಲು ಬತ್ತುತ್ತೆ. ನಗ್‌ನಗ್ತಾ ಇರು." ಅವಳ ತಾಯಿ ಅವಳಿಗೆ ಹೇಳಿದ್ದು, ಅವಳು ನನಗೆ ಹೇಳಿದಳು. ಅಲ್ಲಿಂದ ಮುಂದೆ ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದೆ. ಹೊರಗೆ ಬಂದರೆ ಅಮ್ಮ, "ನೀರಲ್ಲಿ ಜಾಸ್ತಿ ಹೊತ್ತು ಇರ್ಬೇಡ, ಶೀತ ಆಗುತ್ತೆ" ಎನ್ನುತ್ತಿದ್ದಳು.

ಕೇಳಲೇ ಇಲ್ಲ ಎಂದು ಆಸ್ಪತ್ರೆಯವರ ಮೇಲೆ ತಪ್ಪು ಹಾಕುವಂತೆಯೂ ಇಲ್ಲ. ಕೇಳಿದರು, ಕಾಗದದ ಮೇಲೆ. ಮಗುವಿಗೆ ಎರಡು ವಾರವಾದಾಗ ಮಕ್ಕಳ ಕ್ಲಿನಿಕ್ಕಿಗೆ ಹೋದೆವು. ಮಗುವನ್ನು ತೂಕಕ್ಕೆ ಇಡುವ ಮೊದಲು ನನ್ನ ಕೈಗೆ ಒಂದು ಹಲಗೆ, ಅದರ ಮೇಲೊಂದು ಹಾಳೆ, ಪೆನ್ನು. ಹತ್ತು ಪ್ರಶ್ನೆ. ಕಳೆದ ಏಳು ದಿನಗಳಲ್ಲಿ ನಗಲು ಆಯಿತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ಅತ್ತಿರೇ, ಹೀಗೆ. ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಬೇಕು.

ಸಿಇಟಿ ಬರೆದು ಬಂದ ಜೀವ ನನ್ನದು. ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎಂದರೆ ನನ್ನ ತಲೆ ಕೇಳುವುದು ಒಂದೇ, ಇದರಲ್ಲಿ ಸರಿಯುತ್ತರ ಯಾವುದು? ಅದು ಎದ್ದು ಕಾಣುತ್ತಿತ್ತು. ಮೊದಲಿನಂತೆಯೇ ನಗುತ್ತಿದ್ದೇನೆ. ಹೆದರಿಕೆಯೇ ಇಲ್ಲ. ಅತ್ತಿಲ್ಲ. ಪಕ್ಕದಲ್ಲಿ ಗಂಡ ಬಗ್ಗಿ ನೋಡುತ್ತಿದ್ದ. ಮಗುವನ್ನು ಮಲಗಿಸಿಕೊಂಡು ಅಮ್ಮ ಎದುರಿಗಿದ್ದಳು. ಎರಡೇ ನಿಮಿಷದಲ್ಲಿ ಮುಗಿಸಿ ಕೊಟ್ಟೆ. ಕ್ಲಿನಿಕ್ಕಿನ ಹುಡುಗಿ ಕೂಡಿಸಿ ನೋಡಿ "ಪರ್ಫೆಕ್ಟ್" ಎಂದಳು. ಕಾರಿನಲ್ಲಿ ಗಂಡ, "ಫುಲ್ ಮಾರ್ಕ್ಸ್ ಕಣೇ ನಿನಗೆ!" ಎಂದು ನಕ್ಕ. ನಾನು ನಿಜಕ್ಕೂ ಹೆಮ್ಮೆಪಟ್ಟೆ, ಅದನ್ನು ನೆನೆದರೆ ಈಗಲೂ ಕೆನ್ನೆಗೆ ಹೊಡೆದುಕೊಳ್ಳುವಂತಾಗುತ್ತದೆ.

ಮಗುವಿಗೆ ನಾಲ್ಕು ವಾರ ತುಂಬುವಾಗ ತಂಗಿಗೆ ಗಂಡುಮಗುವಾಯಿತು. ಆಸ್ಪತ್ರೆಯಲ್ಲಿ ಹೆತ್ತ ಐದೇ ಗಂಟೆಯೊಳಗೆ ಮನೆಗೆ ಬಂದಿದ್ದಳು. "ಅಯ್ಯೋ, ಅಷ್ಟು ಬೇಗ ಓಡಿಸಿದ್ರಾ?" ಎಂದೆ. ಕರುಣೆಯೇನೂ ಅಲ್ಲ. ಇನ್ನೊಂದು ಸಲ "ಪಾಪ" ಎನ್ನಲು ದಾರಿ ಸಿಕ್ಕಿತಲ್ಲ ಎಂಬ ಸಂತೋಷ.

ಮಾರನೆಯ ದಿನದಿಂದ ನರ್ಸು ಬರತೊಡಗಿದಳು. ನಮ್ಮ ಬೆಳಗಿನ ಐದೂವರೆ ಎಂದರೆ ತಂಗಿಗೆ ಮಧ್ಯಾಹ್ನ ಎರಡೂವರೆ, ನರ್ಸು ಹೊರಡಲು ಅರ್ಧ ಗಂಟೆ ಇರುವ ಹೊತ್ತು. ಮಗು ಎಬ್ಬಿಸಿ ನಾವು ಹೇಗೂ ಎದ್ದಿರುತ್ತಿದ್ದೆವು. ವಿಡಿಯೋದಲ್ಲಿ ತಂಗಿ ಎತ್ತರಿಸಿದ ಮಂಚದ ಮೇಲೆ ಕೂತಿರುತ್ತಿದ್ದಳು. ನರ್ಸಿನ ಬೆನ್ನು ನೋಯಬಾರದೆಂದು ಮಂಚದ ಕಾಲುಗಳಿಗೆ ದಿಮ್ಮಿ ಕೊಡಬೇಕಂತೆ, ಅಂಥ ಕಾನೂನಂತೆ. ತಲೆಗೆ ಬಟ್ಟೆಯಿಲ್ಲ, ಕಿಟಕಿ ತೆರೆದಿದೆ. ಅಮ್ಮ ಹಣೆ ಚಚ್ಚಿಕೊಂಡಳು. ಮಗು ಹುಟ್ಟಿದ್ದಕ್ಕೆ ಅಲ್ಲಿಯವರು ತಿನ್ನುವುದು ರಸ್ಕಿನ ಮೇಲೆ ಬೆಣ್ಣೆ ಸವರಿ ಸಕ್ಕರೆ ಹಚ್ಚಿದ ಸೋಂಪು ಉದುರಿಸಿದ ತಿಂಡಿ. ಅದನ್ನು ಕಂಡ ಮೇಲೆ ಮಾತ್ರ ಅಮ್ಮನಿಗೆ ಸ್ವಲ್ಪ ಸಮಾಧಾನವಾಯಿತು. "ಸೋಂಪು ಕೊಡ್ತಾರಾ? ಪರವಾಗಿಲ್ಲ, ತಿಳಿದೋರೇ."

ತಂಗಿ ದಿನವೂ ವರದಿ ಕೊಡುತ್ತಿದ್ದಳು. ನರ್ಸು ಬೆಳಿಗ್ಗೆ ಬಂದ ಕೂಡಲೇ ಮೊದಲು ಇವಳ ಜ್ವರ ನೋಡುತ್ತಾಳಂತೆ, ಆಮೇಲೆ ಮಗುವಿನದು. ಹೊಲಿಗೆ ನೋಡುತ್ತಾಳೆ. ಎಷ್ಟು ನಿದ್ದೆ, ಏನು ತಿಂದೆ, ಎಲ್ಲ ಒಂದು ಪುಸ್ತಕದಲ್ಲಿ ಬರೆಯುತ್ತಾಳೆ. ಬಚ್ಚಲು ತೊಳೆಯುತ್ತಾಳೆ. ನೋಡಲು ಬಂದವರು ಹೆಚ್ಚು ಹೊತ್ತು ಕೂತರೆ ಎಬ್ಬಿಸಿ ಕಳಿಸುತ್ತಾಳೆ. ಮಗುವಿಗೆ ಸ್ನಾನ ಮಾಡಿಸಲು ಇವಳ ಗಂಡನಿಗೇ ಕಲಿಸಿದಳಂತೆ.

"ಮೊದಲು ನಿನ್ನ ಜ್ವರ, ಆಮೇಲೆ ಮಗೂದಾ?" ಎಂದು ನಾನು ಎರಡು ಸಲ ಕೇಳಿದೆ.

"ಹೂಂ ಅಕ್ಕಾ. ಯಾಕೆ?"

"ಸುಮ್ನೆ."

ಮೂರನೆಯ ದಿನದ ವರದಿ ನನ್ನ ಹೊಟ್ಟೆಗೆ ನೇರವಾಗಿ ಕೊಳ್ಳಿ ಇಟ್ಟಿತು. ಬೆಳಿಗ್ಗೆ ಕಾರಣವೇ ಇಲ್ಲದೆ ತಂಗಿಗೆ ಅಳು ಬಂತಂತೆ. ನರ್ಸು ಗಾಬರಿಯಾಗಲಿಲ್ಲವಂತೆ. ಮೂರನೇ ದಿನ ತುಂಬಾ ಜನ ಅಳುತ್ತಾರೆ, ನಾನು ಕಾಯುತ್ತಲೇ ಇದ್ದೆ ಎಂದಳಂತೆ. ಇವಳ ಗಂಡನ ಕೈಗೆ ಚೀಲ ಕೊಟ್ಟು ಅಂಗಡಿಗೆ ಅಟ್ಟಿ, ಬಾಗಿಲು ಮುಂದೆಮಾಡಿ, ಮಂಚದ ಪಕ್ಕ ಕೂತು, ಅಳು ಮುಗಿಯುವವರೆಗೂ ಮಗುವಿನ ಬಟ್ಟೆ ಮಡಚುತ್ತಿದ್ದಳಂತೆ. ಆಮೇಲೆ, ಇನ್ನೂ ಹೀಗೇ ಮುಂದುವರಿದರೆ ನನಗೆ ಹೇಳು, ನಾನೂ ನೋಡುತ್ತಿರುತ್ತೇನೆ ಎಂದಳಂತೆ. ತಂಗಿ ಇದನ್ನು ನಗುತ್ತಾ ಹೇಳಿದಳು. ಅತ್ತು ಹಗುರಾದವರ ನಗು.

"ಎಲ್ಲದಕ್ಕೂ ಡ್ರಾಮಾ ನಿಂದು" ಎಂದೆ. "ನನಗೂ ಹೆರಿಗೆ ಆಗಿದೆ. ನಾನೇನು ಹೀಗೆಲ್ಲ ಮಾಡಿದೀನಾ?"

ಅವಳ ಮುಖ ಸಣ್ಣದಾಯಿತು. "ನೀನು ಸ್ಟ್ರಾಂಗ್ ಬಿಡು ಅಕ್ಕಾ" ಎಂದಳು. ಚುಚ್ಚಿ ಹೇಳಿದ್ದಲ್ಲ, ನಂಬಿಕೊಂಡೇ ಹೇಳಿದಳು.

ಆ ದಿನ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅಮ್ಮ ಇರುವುದು ನನ್ನ ಮನೆಯಲ್ಲಿ, ಸಾರು ನನಗೆ, ಎಣ್ಣೆನೀರು ನನಗೆ, ಆಸ್ಪತ್ರೆಯ ಮೆನು ನನಗೆ. ಆದರೂ ನನಗೆ ಬೇಕಾಗಿದ್ದ ಒಂದೇ ಒಂದು ವಸ್ತು, ಬಾಗಿಲು ಮುಂದೆಮಾಡಿ ಪಕ್ಕದಲ್ಲಿ ಕೂರುವ ಒಬ್ಬ ಹೆಂಗಸು, ಕೇಳದೆಯೇ ಅವಳಿಗೆ ಸಿಕ್ಕಿತ್ತು. ಹತ್ತು ತಿಂಗಳ ಹಿಂದೆ ಆ ದೇಶದಲ್ಲಿ ಬಸ್ಸಿನ ಟಿಕೆಟ್ ಹೇಗೆ ತೆಗೆಯುವುದೆಂದು ಗೊತ್ತಿಲ್ಲದವಳು. ನಾನು ಇಲ್ಲಿಗೆ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. ಅವಳಿಗೆ ಹುಷಾರು ತಪ್ಪಲಿ ಎಂದು ಬಯಸಲಿಲ್ಲ. ಆ ನರ್ಸಿಗೆ ಒಂದು ದಿನ ಬಸ್ಸು ತಪ್ಪಲಿ ಎಂದು ಬಯಸಿದ್ದು ನಿಜ.

ಏಳನೆಯ ದಿನ ವಿಡಿಯೋ ಕರೆ ಬಂದಾಗ ತಂಗಿ ಹಾಲೂಡಿಸುತ್ತಿದ್ದಳು, ಫೋನನ್ನು ಎದುರಿನ ಮೇಜಿನ ಮೇಲೆ ನಿಲ್ಲಿಸಿದ್ದಳು. ನರ್ಸು ಹಿಂದೆ ಓಡಾಡುತ್ತಿದ್ದವಳು ಬಗ್ಗಿ ಫೋನಿನೊಳಕ್ಕೆ ನೋಡಿದಳು. ಅವಳ ಮುಖವನ್ನು ಸರಿಯಾಗಿ ನೋಡಿದ್ದು ನಾನು ಅದೇ ಮೊದಲು. ಐವತ್ತರ ಮೇಲಿನ ಹೆಂಗಸು, ಕತ್ತರಿಸಿದ ನರೆಗೂದಲು, ದಪ್ಪ ಕನ್ನಡಕ. ನಮ್ಮ ಹೈಸ್ಕೂಲಿನ ಗಣಿತದ ಮೇಡಂ ಹಾಗೆ. "ಓ, ನೀನೇ ಅಕ್ಕ" ಎಂದಳು ಇಂಗ್ಲಿಷಿನಲ್ಲಿ. ಮಗು ಚೆನ್ನಾಗಿದೆಯಾ ಎಂದು ಕೇಳುತ್ತಾಳೆಂದು ಮಗುವನ್ನು ಎತ್ತಿ ತೋರಿಸಿದೆ. ಅವಳು ಮಗುವನ್ನು ನೋಡಿ ನಕ್ಕಳು, ಮತ್ತೆ ನನ್ನನ್ನೇ ನೋಡಿದಳು.

"ನೀನು ಹೇಗಿದ್ದೀಯ?" ಎಂದಳು.

"ಚೆನ್ನಾಗಿದ್ದೇನೆ. ನಮ್ಮಮ್ಮ ಇಲ್ಲೇ ಇದ್ದಾರೆ" ಎಂದೆ.

"ಅಮ್ಮ ಇದ್ದಾರೆ, ಒಳ್ಳೆಯದು. ನಾನು ಕೇಳಿದ್ದು ನಿನ್ನನ್ನು."

ಬಾಯಿ ತೆರೆದರೆ ಅಳುವೇ ಹೊರಗೆ ಬರುತ್ತದೆ ಎಂದು ಗೊತ್ತಾಯಿತು. ಮತ್ತು ನನ್ನ ಕೆಟ್ಟ ಬುದ್ಧಿ ನೋಡಿ, ಆ ಗಳಿಗೆಯಲ್ಲೂ ನನಗೆ ಅನ್ನಿಸಿದ್ದು, ಇವಳು ತಂಗಿಯ ನರ್ಸು, ತಂಗಿ ತಿಂದು ಮಿಕ್ಕಿದ್ದನ್ನು ನಾನು ತಿನ್ನಬೇಕೇ ಎಂದು. ಮಗು ಅಳ್ತಾ ಇದೆ ಎಂದು ಹೇಳಿ ಕರೆ ಕತ್ತರಿಸಿದೆ. ಮಗು ನಿದ್ದೆ ಮಾಡುತ್ತಿತ್ತು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಷಾಯದ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಇಂಗ್ಲಿಷು ಅವಳಿಗೆ ಅಷ್ಟಕ್ಕಷ್ಟೇ. ಲೋಟ ನನ್ನ ಕೈಗೆ ಕೊಟ್ಟು ಎದುರಿಗೆ ಕೂತಳು.

"ಏನು ಕೇಳಿದ್ಲು ಅವ್ಳು?"

"ನೀನು ಹೇಗಿದೀಯ ಅಂತ."

"ನೀನೇನಂದೆ?"

"ಚೆನ್ನಾಗಿದೀನಿ ಅಂದೆ."

ಅಮ್ಮ ಮಗುವಿನ ಹೊದಿಕೆ ಸರಿಮಾಡಿದಳು. ಕಿಟಕಿಯಾಚೆ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ.

"ಅವ್ಳಿಗೆ ಯಾಕೆ ಸುಳ್ಳು ಹೇಳ್ದೆ?" ಎಂದಳು.

ಲೋಟ ಕೆಳಗಿಟ್ಟೆ. "ಸುಳ್ಳು ಅಂತ ನಿನಗೆ ಹೇಗೆ ಗೊತ್ತು?"

"ಗೊತ್ತಾಗ್ದೆ ಏನು? ದಿನಾ ನಲ್ಲಿ ಬಿಟ್ಕೊಂಡು ಅಳ್ತೀಯ. ಕೂಸನ್ನ ಎತ್ಕೊಂಡು ಮೆಟ್ಟಿಲು ಇಳಿಯೋಕೆ ಹೆದರ್ತೀಯ. ಸ್ನಾನ ನಾನೇ ಮಾಡಿಸೋದು ಇನ್ಯಾಕೆ ಅಂದ್ಕೊಂಡಿದೀಯ?"

ಮೂರು ವಾರಕ್ಕಿಂತ ಹೆಚ್ಚು ಕಾಲ ನಾನು ಒಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದನ್ನು ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು. ನನಗೆ ಬಂದದ್ದು ಸಮಾಧಾನವಲ್ಲ, ರೇಗಿಹೋಯಿತು.

"ಮತ್ತೆ ಒಂದು ದಿನ ಕೇಳ್ಬಾರ್ದಿತ್ತಾ? ಗುರುತಿಲ್ಲದ ಆ ಹೆಂಗಸು ಫೋನಲ್ಲಿ ನೋಡಿ ಕೇಳ್ತಾಳೆ. ನೀನು ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಅಳ್ತಿದ್ದೆ" ಎಂದಳು ಅಮ್ಮ. "ನೀನು ಅತ್ರೆ ನಾನೂ ಅಳ್ತಿದ್ದೆ. ಈ ಊರಲ್ಲಿ ನನಗ್ಯಾರು ಗೊತ್ತು? ಯಾವ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿ? ಏನಂತ ಹೇಳ್ಲಿ? ಅಡುಗೆ ಮಾಡೋದು ಗೊತ್ತಿತ್ತು, ಮಾಡ್ದೆ."

ಅಷ್ಟು ಹೇಳಿ ಅವಳೇ ಮೊದಲು ಅತ್ತಳು. ಆಮೇಲೆ ನಾನು. ನಲ್ಲಿಯಿಲ್ಲದೆ, ಬಾಯಿ ಬಿಟ್ಟು. ಗಂಡ ಹಲ್ಲುಜ್ಜುತ್ತಿದ್ದವನು ಬ್ರಷ್ಷಿನ ಸಮೇತ ಓಡಿಬಂದ. ಅವನಿಗೆ ಎಲ್ಲ ಹೇಳಿದೆ. ಹೆದರಿಕೆ, ಮಗು ಪರರದ್ದು ಅನ್ನಿಸುವುದು, ಸಾರನ್ನ ಕಲಸುವಾಗ ಬಂದ ಆ ಯೋಚನೆ. ಅವನ ಬಾಯಿಂದ ನೊರೆ ಸೋರಿ ಅಂಗಿಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆದ್ರೆ ಆ ಫಾರಂ..." ಎಂದ. "ಎಲ್ಲ ಸುಳ್ಳು ಬರೆದೆ ಕಣೋ" ಎಂದೆ. ಅವನು ನನ್ನ ಪಕ್ಕ ನೆಲದ ಮೇಲೆ ಕೂತುಬಿಟ್ಟ.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ವಾಸಿಯಾದೆ, ನಿಧಾನವಾಗಿ, ಮಾತ್ರೆ ಮತ್ತು ಮಾತು ಎರಡರಿಂದಲೂ. ಇಲ್ಲಿಯವರು ಒಳ್ಳೆಯವರೇ, ಕೇಳಿದರೆ ಕೊಡುತ್ತಾರೆ. ಆದರೆ ಮೈಯಲ್ಲಿ ಬಲವಿಲ್ಲದ ಹೊತ್ತಿನಲ್ಲಿ ನಾನೇ ಎದ್ದು ಹೋಗಿ ಕೇಳಬೇಕಾಯಿತು, ತಂಗಿಗೆ ಅದು ಬಾಗಿಲು ತಟ್ಟಿಕೊಂಡು ಬಂತು. ಆ ಕಿಚ್ಚು ಇನ್ನೂ ಆರಿಲ್ಲ, ಆರುವುದೂ ಬೇಡ. ಅವಳ ಮುಂದೆಯೇ ಹೇಳಿದ್ದೇನೆ.

ಅಂದು ಎಂಟು ಗಂಟೆಗೆ ಕ್ಲಿನಿಕ್ಕು ತೆರೆಯುವವರೆಗೆ ನಾವು ಮೂವರೂ ಸೋಫಾದ ಸುತ್ತ ಕೂತೇ ಇದ್ದೆವು. ಗಂಡ ನಂಬರು ಒತ್ತಿ ಸ್ಪೀಕರಿಗೆ ಹಾಕಿದ. ಅತ್ತಲಿಂದ ಹೆಣ್ಣಿನ ದನಿ, ಮಗುವಿನ ಹೆಸರು ಕೇಳಿತು, ಹುಟ್ಟಿದ ದಿನ ಕೇಳಿತು, ಜ್ವರ ಏನಾದರೂ ಇದೆಯಾ ಎಂದು ಕೇಳಿತು. ಗಂಡ ತಡವರಿಸಿದ. ಅವನ ಕೈಯಿಂದ ಫೋನು ತೆಗೆದುಕೊಂಡೆ.

"ಮಗು ಚೆನ್ನಾಗಿದೆ" ಎಂದೆ. "ನನಗೆ ಹುಷಾರಿಲ್ಲ."